ಕ್ಲಚ್ ರಿಪೇರಿಯಲ್ಲಿ ನನ್ನ ರಾಯಭಾರ

ಕುರುಗೋಡಿನ ನೆಂಟರೇ, ಇವತ್ತು ಸಿರುಗುಪ್ಪದಲ್ಲಿ ಭತ್ತ ತುಂಬಿದ ಲಾರಿಯ ಕ್ಲಚ್ ಸಿಲಿಂಡರನ್ನು ನಮ್ಮಣ್ಣನ ಮಕ್ಕಳಿಬ್ಬರೇ ಬದಲಿಸಿದರು. ಸಂಜೆಯೊಳಗೆ ಬಳ್ಳಾರಿ ಮಿಲ್ಲು ಸೇರಬೇಕಿತ್ತು. ಆದರೆ ಲಾರಿಗೆ ಯಾವ ಬಣ್ಣ ಹೊಡೆಸುವುದೆಂದು ಜಗಳವಾಡಿ, ತಿಂಗಳಿನಿಂದ ಇಬ್ಬರಿಗೂ ಮಾತಿಲ್ಲ!

ಸಿಲಿಂಡರ್ ಬದಲಿಸುವಾಗ ಕ್ಲಚ್ ಎಣ್ಣೆಯ ಪೈಪಿನೊಳಗೆ ಸೇರಿದ ಗಾಳಿ ತೆಗೆಯಲು ಒಬ್ಬ ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬ ಕೆಳಗೆ ಸ್ಕ್ರೂ ಸಡಿಲಿಸಿ ಬಿಗಿಯಬೇಕು. ಬಿಗಿಯುವ ಮೊದಲೇ ಪೆಡಲ್ ಬಿಟ್ಟರೆ ಗಾಳಿ ಮತ್ತೆ ಒಳಗೆಳೆದುಕೊಳ್ಳುತ್ತದೆ.

“ಚಿಕ್ಕಪ್ಪ, ಇನ್ನೂ ಬಿಡಬ್ಯಾಡ ಅಂತ ಹೇಳ್ರಿ ಅವಗ,” ಎನ್ನುತ್ತಿದ್ದ ಲಾರಿ ಕೆಳಗೆ ಮಲಗಿದ್ದ ಬಸವ. ನಾನು ಹೇಳುವಷ್ಟರಲ್ಲಿ ಮೇಲೆ ಕೂತ ಈರಣ್ಣ ಕಾಲು ತೆಗೆದಿರುತ್ತಿದ್ದ. ಗಾಳಿ ಮತ್ತೆ ಒಳಗೆ!

ನಾಲ್ಕನೇ ಸಲ ಬಸವ ತಾನೇ ಚೀರಿದ: “ಲೇ ಈರ್ಯಾ, ಬಿಡಬ್ಯಾಡಲೇ!”

“ಮೊದಲ ಹಿಂಗ ಹೇಳಾಕ ಏನಾಗಿತ್ತಲೇ ನಿನಗ?”

ಪೆಡಲ್ ಗಟ್ಟಿಯಾಯಿತು, ಲಾರಿ ಹೊರಟಿತು. ಮಿಲ್ಲು ಸೇರುವವರೆಗೂ ಇಬ್ಬರೂ ಬಾಯಿ ಮುಚ್ಚಲಿಲ್ಲ. ನಡುವೆ ಕೂತ ನನಗೆ ಒಂದು ಮಾತು ತೂರಿಸಲೂ ಸಂದು ಸಿಗಲಿಲ್ಲ.