ಬಿಳಿ ಉಲ್ಲನ್ನಿಗೆ ಹತ್ತಿದ ಕೆಂಪು

ಮೂವತ್ತೊಂದು ವರ್ಷ ಪಂಪ್ ಕಾರ್ಖಾನೆಯಲ್ಲಿ ಲೇತ್ ನಡೆಸಿದ ಅವರಿಗೆ ಬೀದಿಯವರು ಇಟ್ಟ ಹೆಸರು ಮೈಕ್ರೋಮೀಟರ್ ಮಾವ. ಕಂಡದ್ದನ್ನೆಲ್ಲ ಅಳೆಯುವ ಚಾಳಿ ನಿವೃತ್ತರಾದ ಮೇಲೂ ಬಿಡಲಿಲ್ಲ. ಬಡಗಿ ಬಾಗಿಲು ಕೂರಿಸಿ ಹೋದರೆ ಇವರು ಸಂದಿ ಅಳೆದು, ‘ಮೇಲೆ ಎರಡು, ಕೆಳಗೆ ಮೂರೂವರೆ’ ಎಂದು ಬಾಗಿಲ ಮೇಲೆಯೇ ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದರು.

ಅವರ ಹೆಂಡತಿಯ ಕೈ ಹೆಣಿಗೆಯಿಲ್ಲದೆ ಕೂತದ್ದನ್ನು ಯಾರೂ ಕಂಡಿಲ್ಲ. ಆದರೆ ಕಣ್ಣಿಗೆ ಪೊರೆ ಬರತೊಡಗಿದ ಮೇಲೆ ಕಡ್ಡಿಯ ತಲೆಯ ಮೇಲಿನ ನಂಬರು ಕಾಣದಾಯಿತು. ಒಮ್ಮೆ ಬಲಗೈಗೊಂದು ಸೈಜು, ಎಡಗೈಗೊಂದು ಸೈಜಿನ ಕಡ್ಡಿ ಹಿಡಿದು ಅರ್ಧ ಸ್ವೆಟರ್ ಮುಗಿಸಿ, ಅಷ್ಟನ್ನೂ ಬಿಚ್ಚಿದರು. ಆವತ್ತೇ ಮಾವ ತೀರ್ಮಾನಿಸಿದರು: ಸೈಜಿಗೊಂದು ಬಣ್ಣ. ಪೇಂಟು ಬಳಿದರೆ ಎರಡೇ ವಾರಕ್ಕೆ ಎದ್ದುಬರುತ್ತದೆ. ಆನೊಡೈಸ್ ಮಾಡಿದರೆ ಮಾತ್ರ ನಿಲ್ಲುತ್ತದೆ.

ಅಲ್ಯೂಮಿನಿಯಂ ಕಡ್ಡಿಯನ್ನು ನೀರು ಬೆರೆಸಿದ ಬ್ಯಾಟರಿ ಆಸಿಡ್ಡಿನಲ್ಲಿ ಇಳಿಬಿಟ್ಟು ಕರೆಂಟ್ ಹಾಯಿಸಿದರೆ ಅದರ ಮೈಮೇಲೆ ಗಟ್ಟಿ ಪದರವೊಂದು ಏಳುತ್ತದೆ, ಆ ಪದರದ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳು. ರಂಧ್ರಗಳಿಗೆ ಬಣ್ಣ ಕುಡಿಸಿ, ಕಡ್ಡಿಯನ್ನು ಅರ್ಧ ಗಂಟೆ ಕುದಿಯುವ ನೀರಿನಲ್ಲಿಟ್ಟರೆ ಅವುಗಳ ಬಾಯಿ ಮುಚ್ಚುತ್ತದೆ. ಹಿತ್ತಿಲಲ್ಲಿ ಬಕೆಟ್ಟು, ಹಳೆಯ ಬ್ಯಾಟರಿ ಚಾರ್ಜರ್, ಮೊಣಕೈವರೆಗಿನ ಗ್ಲೌಸು ಇಟ್ಟುಕೊಂಡು ಮಾವ ಮೊದಲು ಗಿಡ್ಡ ಕಡ್ಡಿಗಳಿಗೆ ನೀಲಿ ಏರಿಸಿದರು. ಹೆಂಡತಿ ಎರಡು ಟೋಪಿ ಹೆಣೆದರೂ ಬಣ್ಣ ಕದಲಲಿಲ್ಲ.

ಆಮೇಲೆ ಬಂತು ಕಂಬಳಿಯ ಸರದಿ. ಮಗಳಿಗೆ ಹೆರಿಗೆ ಹತ್ತಿರವಿತ್ತು. ಕಂಬಳಿಗೆ ಮೊಳದುದ್ದದ ಕಡ್ಡಿ ಬೇಕು, ಬಕೆಟ್ಟಿನಲ್ಲಿ ಅದು ಮುಳುಗುವುದಿಲ್ಲ. ಮಾವ ಪ್ಲಾಸ್ಟಿಕ್ ಪೈಪಿನ ತುಂಡೊಂದರ ತಳ ಮುಚ್ಚಿ, ಗೋಡೆಗೆ ನಿಲ್ಲಿಸಿ, ಅದರಲ್ಲಿ ಆಸಿಡ್ ತುಂಬಿದರು. ಕಡ್ಡಿ ದಾಳಿಂಬೆ ಕಾಳಿನಂಥ ಕೆಂಪಾಗಿ ಹೊರಬಂತು. ಹೆಂಡತಿ ಹಾಲುಬಿಳುಪಿನ ಉಲ್ಲನ್ ತೆಗೆದುಕೊಂಡು ಕೂತರು.

ಮುಕ್ಕಾಲು ಕಂಬಳಿ ಆದಾಗ ಒಂದು ಬೆಳಿಗ್ಗೆ ಕರೆದರು. “ರೀ, ಸ್ವಲ್ಪ ಇಲ್ಲಿ ಬನ್ನಿ.”

ಕೊನೆಯ ಹತ್ತು ಸಾಲಿಗೆ ಬೆಳಕಿನಲ್ಲಿ ಎದ್ದು ಕಾಣುವ ನಸುಗೆಂಪು. ಹೆಂಡತಿ ಬೈಯಲಿಲ್ಲ. ಕಂಬಳಿ ಮಡಿಲಲ್ಲಿಟ್ಟುಕೊಂಡು ಕಿಟಕಿಯ ಕಡೆ ನೋಡುತ್ತ ಕೂತರು. ಬೈದಿದ್ದರೇ ವಾಸಿಯಿತ್ತು.

ಮಾವ ಹಿತ್ತಿಲಿಗೆ ಹೋಗಿ ತಲೆ ಮೇಲೆ ಕೈ ಹೊತ್ತು ಕೂತರು. ಜಿಡ್ಡು ಉಳಿದಿತ್ತೆ? ಇಲ್ಲ, ತೊಳೆದಾಗ ನೀರು ಹನಿಹನಿಯಾಗಿ ಒಡೆಯದೆ ಮೈತುಂಬ ಹರಡಿತ್ತು. ತಂತಿ ಸಡಿಲವಿತ್ತೆ? ಹಾಗಿದ್ದರೆ ಬಣ್ಣ ಒಂದು ಕಡೆ ದಟ್ಟ, ಒಂದು ಕಡೆ ತೆಳು ಆಗಬೇಕಿತ್ತು. ಕುದಿಸಿದ್ದು ಕಡಿಮೆಯಾಯಿತೆ? ಗಡಿಯಾರ ಹಿಡಿದೇ ಕುದಿಸಿದ್ದರು. ಸಂಜೆಯವರೆಗೆ ತಲೆ ಕೆಡಿಸಿಕೊಂಡರೂ ಬಗೆಹರಿಯಲಿಲ್ಲ.

ಮರುದಿನ ಕಂಬಳಿಯನ್ನು ಹಿಡಿದುಕೊಂಡು ತಂಗಿಯ ಲಾಂಡ್ರಿಗೆ ನಡೆದರು. ಇಪ್ಪತ್ತು ವರ್ಷದಿಂದ ಊರಿನ ಕಲೆಗಳನ್ನೆಲ್ಲ ತೆಗೆದ ಕೈ ಅದು.

“ನೀರು ಮುಟ್ಟಿಸಿದ್ಯಾ ಅಣ್ಣ?”

“ಇಲ್ಲಮ್ಮ. ಹೆದರಿಕೆ ಆಯ್ತು.”

“ಸದ್ಯ. ಜನ್ಮದಲ್ಲಿ ಒಂದು ಒಳ್ಳೆ ಕೆಲಸ ಮಾಡಿದ್ಯಲ್ಲ.”

ಅವಳು ಕಂಬಳಿಯನ್ನು ಬಿಳಿ ಬಟ್ಟೆಯ ಮೇಲೆ ಹರಡಿ, ಮೆತ್ತನೆ ಬ್ರಷ್ಷಿನಿಂದ ಒಂದೇ ದಿಕ್ಕಿಗೆ ಎಳೆದಳು. ಬಟ್ಟೆಯ ಮೇಲೆ ಕೆಂಪು ಹುಡಿ ಉದುರಿತು.

“ನೋಡು, ಇದು ಬಣ್ಣ ಬಿಟ್ಟಿದ್ದಲ್ಲ. ಬಿಟ್ಟಿದ್ರೆ ಎಳೆ ಒಳಗೆ ಇಳೀತಿತ್ತು. ಇದು ಪುಡಿ. ನಿನ್ನ ಕಡ್ಡಿ ಸುಣ್ಣದ ಗೋಡೆ ಥರ ಉದುರ್ತಾ ಇದೆ.”

ಪುಡಿ! ಮಾವನಿಗೆ ತಟ್ಟನೆ ಹೊಳೆಯಿತು. ಆಸಿಡ್ ಬಿಸಿಯಾದರೆ ಪದರ ಗಟ್ಟಿಯಾಗುವುದಿಲ್ಲ, ಮೆತ್ತಗೆ ಹುಡಿಹುಡಿಯಾಗಿ ಏಳುತ್ತದೆ, ಉಜ್ಜಿ ಉಜ್ಜಿ ಕೊನೆಗೆ ಉದುರತೊಡಗುತ್ತದೆ. ಬಕೆಟ್ಟಿನಲ್ಲಿ ಆಸಿಡ್ ಬೇಕಾದಷ್ಟಿತ್ತು, ಕಾವು ಏರಲಿಲ್ಲ. ಪೈಪಿನಲ್ಲಿ ಇದ್ದದ್ದು ಎಷ್ಟು ಮಹಾ! “ಆಸಿಡ್ ಬಿಸಿಯಾಗಿರ್ಬೇಕು ಕಣೇ,” ಎಂದರು.

“ಬಿಸಿ ಎಷ್ಟಾಗಿತ್ತು?” ತಂಗಿ ಕೇಳಿದಳು.

“ಅದು... ನೋಡಿರಲಿಲ್ಲ.”

“ನೀನು? ಬಾಗಿಲ ಸಂದಿ ಅಳೆಯೋನು?” ತಂಗಿ ಬ್ರಷ್ಷು ಕೆಳಗಿಟ್ಟು ನಕ್ಕಳು. “ದೀಪದ ಬುಡದಲ್ಲೇ ಕತ್ತಲೆ ಅಂದ್ರೆ ಇದೇ.”

ಮಾವನಿಗೆ ನಾಚಿಕೆಯಾಯಿತು. ಆದರೂ ಕಂಬಳಿಯನ್ನು ಬೆಳಕಿಗೆ ಹಿಡಿದು ಹತ್ತೂ ಸಾಲು ನೋಡಿದರು. ಕಂಬಳಿ ಮತ್ತೆ ಹಾಲುಬಿಳುಪಾಗಿತ್ತು. ತಪ್ಪು ಎಲ್ಲಿ ಎಂದೂ ಗೊತ್ತಾಗಿತ್ತು.

ಮನೆಗೆ ಬಂದವರೇ ಪರೀಕ್ಷೆಗೆಂದು ಪೈಪಿನಲ್ಲಿ ಬೇರೊಂದು ಅಲ್ಯೂಮಿನಿಯಂ ತುಂಡಿಗೆ ಕರೆಂಟ್ ಹಾಯಿಸಿ ಥರ್ಮಾಮೀಟರ್ ಇಳಿಬಿಟ್ಟರು. ಅರ್ಧ ಗಂಟೆಯಲ್ಲಿ ಇಪ್ಪತ್ತೆರಡು ಡಿಗ್ರಿ ಹೋಗಿ ಮೂವತ್ತಾರು. ಸರಿ, ಪೈಪನ್ನು ನೀರು ತುಂಬಿದ ಡ್ರಮ್ಮಿನಲ್ಲಿ ನಿಲ್ಲಿಸಿ, ಸುತ್ತಲೂ ಮಂಜುಗಡ್ಡೆ ಕಟ್ಟಿದ ಬಾಟಲಿಗಳನ್ನು ಮುಳುಗಿಸಿ, ಕರೆಂಟನ್ನೂ ತಗ್ಗಿಸಿದರು. ಹೆಂಡತಿ ಆಗಲೇ ಕಂಬಳಿಯ ಕುಣಿಕೆಗಳನ್ನು ದಾರವೊಂದಕ್ಕೆ ಪೋಣಿಸಿಟ್ಟು ಕಡ್ಡಿಗಳನ್ನು ಬಿಡಿಸಿಕೊಟ್ಟಿದ್ದರು. ಮಾವ ಹಳೆಯ ಪದರವನ್ನು ಕಾಸ್ಟಿಕ್ ಸೋಡಾದಲ್ಲಿ ಕಳಚಿ, ಅಳೆದು, ಮುಖ ಸಣ್ಣಗೆ ಮಾಡಿಕೊಂಡರು.

“ಸ್ವಲ್ಪ ಸವೆದುಹೋಯ್ತು ಕಣೇ. ಒಂದು ಕೂದಲೆಳೆಯಷ್ಟು.”

“ನನ್ನ ಕಂಬಳಿ ಕೂದಲೆಳೆಗೆಲ್ಲ ಬಿದ್ದುಹೋಗಲ್ಲ. ನಡೀರಿ, ಕೆಲಸ ನೋಡಿ.”

ಮಾವ ಐದು ನಿಮಿಷಕ್ಕೊಮ್ಮೆ ಬಗ್ಗಿ ನೋಡಿದರು. ಇಪ್ಪತ್ತು. ಇಪ್ಪತ್ತೊಂದು. ಬಾಟಲಿ ಬದಲಿಸಿದ ಮೇಲೆ ಮತ್ತೆ ಇಪ್ಪತ್ತು. ಬಣ್ಣದಲ್ಲಿ ಅದ್ದಿ, ಕುದಿಸಿ, ಆರಿಸಿ, ತಮ್ಮ ಒಗೆದ ಬಿಳಿ ಕರ್ಚೀಫಿನಿಂದ ಕಡ್ಡಿಯನ್ನು ಗಟ್ಟಿಯಾಗಿ ತಿಕ್ಕಿದರು. ಐವತ್ತು ಸಲ, ನೂರು ಸಲ. ತೋಳು ನೋವು ಬಂತು, ಕರ್ಚೀಫು ಬೆಳ್ಳಗೇ ಇತ್ತು. ಹೆಂಡತಿಗೂ ಕೊಟ್ಟು ತಿಕ್ಕಿಸಿದರು. ಅವರು ನಾಲ್ಕೇ ಸಲ ತಿಕ್ಕಿ, ಕರ್ಚೀಫನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, ದಾರದಿಂದ ಕುಣಿಕೆಗಳನ್ನು ಒಂದೊಂದಾಗಿ ಕಡ್ಡಿಗೆ ಏರಿಸಿಕೊಳ್ಳತೊಡಗಿದರು.

ಮೊದಲ ಸಾಲು ಮುಗಿಯುವವರೆಗೆ ಮಾವ ಬಾಗಿಲಲ್ಲೇ ನಿಂತಿದ್ದರು. ಎರಡನೆಯದು ಮುಗಿದಾಗ ಹೆಂಡತಿ ತಲೆಯೆತ್ತಿದರು.

“ಬೆಳ್ಳಗಿದೆ ರೀ. ಇನ್ನಾದ್ರೂ ಊಟ ಮಾಡಿ. ನಿನ್ನೆಯಿಂದ ತಟ್ಟೆಯಲ್ಲಿ ಬೆರಳಾಡಿಸ್ತಾ ಕೂತಿದ್ರಿ, ನೋಡಿಲ್ಲ ಅಂದ್ಕೊಂಡ್ರಾ?”

ಮಾವ ಕೈ ತೊಳೆದು ಬಂದು ಕೂತು, ಎರಡು ಸಲ ಬಡಿಸಿಕೊಂಡು ಉಂಡರು.