ಎರಡು ಕರಿ ಉಂಡೆ

ನಾನು ನಿಂತಿದ್ದು ನಮ್ಮ ಮನೆಯ ಮಾಳಿಗೆಯ ಮೇಲೆ, ಪಡುವಣ ಮೂಲೆಯ ಬೆಳಕಿಂಡಿಯಿಂದ ನಾಲ್ಕು ಹೆಜ್ಜೆ ಈಚೆ, ಮುಖ ಹೊಳೆಯ ಕಡೆಗೆ. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಮೂರು ವರ್ಷ ಮೊದಲಿನ ಬೇಸಿಗೆ, ಬಸವ ಜಯಂತಿ ಮುಗಿದ ಮೂರನೆಯ ದಿನ. ಹೊತ್ತು ಹುಟ್ಟಿ ಒಂದು ತಾಸಾಗಿರಬೇಕು. ನನಗೆ ಇಪ್ಪತ್ತಮೂರು ವರ್ಷ, ಮದುವೆಯಾಗಿತ್ತು, ಕಣ್ಣು ಚೊಕ್ಕವಾಗಿದ್ದವು. ಮಳೆಗಾಲ ಬರುವ ಮೊದಲು ಮಾಳಿಗೆಗೆ ಕರಲು ಮಣ್ಣು ಹರವಿ ತುಳಿಯಬೇಕು, ಇಲ್ಲದಿದ್ದರೆ ಮನೆ ಸೋರುತ್ತದೆ. ಆ ಕೆಲಸಕ್ಕೆ ಹತ್ತಿದ್ದೆ. ಅಲ್ಲಿಂದ ಹೊಳೆಯ ದಂಡೆಯ ಕಳ್ಳಿ ಬೇಲಿಗೆ ಇನ್ನೂರ ಹತ್ತು ಹೆಜ್ಜೆ. ಆಮೇಲೆ ಎರಡು ಸಲ ನಡೆದು ಎಣಿಸಿದ್ದೇನೆ.

ನಮ್ಮೂರು ಘೋಡಗೇರಿಯಿಂದ ಒಂದು ಹರಿದಾರಿ. ಊರು ಏರಿನ ಮೇಲಿದೆ. ಅಲ್ಲಿಯದೆಲ್ಲ ಕೆಂಪು ಮಸಾರಿ ಮಣ್ಣು. ಹೊಳೆಯ ದಂಡೆಗೆ ಇಳಿದರೆ ಮಾತ್ರ ಕರಿ ಎರೆ. ಆ ಎರೆಯಲ್ಲಿ ನಮ್ಮ ಗಾಡಿ ಹೊಡೆಯುವವನ ಗುಡಿಸಲಿತ್ತು, ಅದೊಂದೇ. ಅವನು ಹನ್ನೊಂದು ವರ್ಷ ನಮ್ಮಲ್ಲಿ ದುಡಿದಿದ್ದ. ಅವನ ಜಾತಿಯವರನ್ನು ಸರಕಾರ ಕಳ್ಳರ ಪಟ್ಟಿಯಲ್ಲಿ ಬರೆದಿತ್ತು. ಕದ್ದಿರಲಿ, ಬಿಡಲಿ, ಹುಟ್ಟಿದರೆ ಸಾಕು, ಹೆಸರು ಪಟ್ಟಿಗೆ ಹೋಗುತ್ತಿತ್ತು. ದಿನಾ ಚಾವಡಿಗೆ ಹೋಗಿ ಹಾಜರಿ ಕೊಡಬೇಕು, ಊರು ಬಿಡಬೇಕಾದರೆ ಚೀಟಿ ಬರೆಸಿಕೊಳ್ಳಬೇಕು. ಒಂದು ಗುನ್ಹೆ ಅವನ ಮೇಲೆ ಬಿದ್ದರೆ ಹೆಂಡತಿ ಮಕ್ಕಳ ಸಮೇತ ತಂತಿ ಬೇಲಿಯೊಳಗಿನ ಸೆಟ್ಲಮೆಂಟಿಗೆ ಅಟ್ಟುತ್ತಿದ್ದರು. ಇದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿತ್ತು ಎಂಬುದನ್ನು ಮೊದಲೇ ಬರೆದಿಡುತ್ತೇನೆ.

ಕಳುವಾದದ್ದು ಅದರ ಹಿಂದಿನ ದಿನ, ಹಾಡುಹಗಲು. ನನ್ನ ತಂಗಿಯನ್ನು ಕೌಜಲಗಿಗೆ, ಅವಳ ಗಂಡನ ಮನೆಗೆ ಕಳಿಸುವುದಿತ್ತು. ಸವಾರಿ ಗಾಡಿಯನ್ನು ತಲೆಬಾಗಿಲ ಮುಂದೆ ತಂದು ನಿಲ್ಲಿಸಿ, ಟ್ರಂಕು, ಹಾಸಿಗೆ ಸುರುಳಿ, ರೊಟ್ಟಿ ಬುತ್ತಿ ಎಲ್ಲ ಏರಿಸಿಯಾಗಿತ್ತು. ಎತ್ತು ಹೂಡಿರಲಿಲ್ಲ. ಗಾಡಿಯವನು ಚೀಟಿಗೆಂದು ಚಾವಡಿಗೆ ಹೋಗಿದ್ದ. ನಾವೆಲ್ಲ ಒಳಗೆ ಊಟಕ್ಕೆ ಕೂತಿದ್ದೆವು. ಎಲ್ಲರೂ ಎನ್ನುವುದು ತಪ್ಪು. ನಮ್ಮ ಕಾಕಾ, ಅಪ್ಪನ ಬೆನ್ನಿಗೆ ಬಿದ್ದ ತಮ್ಮ, ತಡವಾಗಿ ಬಂದು ಕೂತ. ಎಷ್ಟು ತಡವಾಗಿ ಎಂದು ನಾನು ಗಮನಿಸಲಿಲ್ಲ. ಗಮನಿಸದೆ ಇದ್ದುದನ್ನು ಹೇಳುವುದಿಲ್ಲ.

ಊಟ ಮುಗಿಸಿ ತಂಗಿ ಕುಂಕುಮದ ಡಬ್ಬಿ ಇಡಲು ಗಾಡಿ ಹತ್ತಿದಳು. ಟ್ರಂಕಿನ ಕೀಲಿ ಹಾಗೇ ಇತ್ತು. ಹಿಂದಿನ ಎರಡೂ ಬಿಜಾಗರಿಗಳ ಸರಳು ಕಿತ್ತು, ಮುಚ್ಚಳವನ್ನು ಹಿಂದಿನಿಂದ ಎತ್ತಿದ್ದರು. ಸೀರೆಗಳನ್ನು ಯಾರೂ ಮುಟ್ಟಿರಲಿಲ್ಲ. ಸೀರೆಗಳ ನಡುವೆ ಅರಿವೆಯಲ್ಲಿ ಸುತ್ತಿಟ್ಟ ಬೋರಮಾಳ ಒಂದೇ ಇರಲಿಲ್ಲ. ಅದು ನಮ್ಮ ಅಜ್ಜಿಯ ಕೊರಳ ಸರ. ಅಜ್ಜಿ ಸಾಯುವಾಗ ತನ್ನ ಕೈಯಿಂದಲೇ ತಂಗಿಗೆ ಕೊಟ್ಟಿದ್ದಳು. ಕಾಕಾನಿಗೂ ಒಬ್ಬ ಮಗಳಿದ್ದಳು. ಅಜ್ಜಿಯ ದಿನಕರ್ಮದ ದಿನವೇ ಅವನು, "ಹೆಣ್ಣ ಮೊಮ್ಮಕ್ಕಳು ಇಬ್ಬರ ಅದಾರ, ಸರಾ ಒಬ್ಬಾಕಿಗಿ ಹೋತು," ಎಂದು ಪಡಸಾಲೆಯಲ್ಲಿ ಕೂತು ಅಂದದ್ದನ್ನು ನಾನು ಕೇಳಿದ್ದೇನೆ.

ಅಪ್ಪ ಪ್ರಯಾಣ ನಿಲ್ಲಿಸಿದ. "ನಾಳೆ ಮಧ್ಯಾಹ್ನ ಮಣ್ಣ ಹಾಕೋದು. ಅದರಾಗ ಸಿಗಲಿಲ್ಲಂದ್ರ ಫೌಜದಾರನ್ನ ಕರಸಿ ಮನಿ ಮೂಲಿ ಮೂಲಿ ಜಡತಿ ಮಾಡಸ್ತೇನಿ," ಎಂದ.

ಮಣ್ಣು ಹಾಕುವುದು ನಮ್ಮ ಕಡೆಯ ರೂಢಿ. ಮನೆಯಲ್ಲಿ ಕಳುವಾದರೆ, ಆ ಮನೆಯಲ್ಲಿ ಉಣ್ಣುವ ದೊಡ್ಡವರು, ದುಡಿಯುವವರು, ಎಲ್ಲರೂ ಅವರವರ ಹೊಸ್ತಿಲ ಮುಂದಿನ ಮಣ್ಣನ್ನು ನಾದಿ ಒಂದೊಂದು ಉಂಡೆ ಕಟ್ಟಬೇಕು. ಒಬ್ಬೊಬ್ಬರಾಗಿ ಕತ್ತಲಕೋಣೆಗೆ ಹೋಗಿ ಬುಟ್ಟಿಯಲ್ಲಿಟ್ಟು ಬರಬೇಕು. ಕದ್ದವನು ಕದ್ದದ್ದನ್ನು ಉಂಡೆಯೊಳಗೆ ಅಡಗಿಸಿ ಇಡಬಹುದು. ಆಮೇಲೆ ಮಠದ ಅಯ್ಯನವರು ಬುಟ್ಟಿ ತಂದು ಎಲ್ಲರ ಮುಂದೆ ಉಂಡೆ ಒಡೆಯುತ್ತಾರೆ. ಒಡವೆ ಸಿಕ್ಕರೆ ಅಲ್ಲಿಗೆ ಮುಗಿಯಿತು. ಯಾರ ಉಂಡೆ ಎಂದು ಕೇಳುವಂತಿಲ್ಲ, ನೋಡುವಂತಿಲ್ಲ. ಮಣ್ಣಿಗೆ ನೀರು ಹೊಯ್ದು ತಿಪ್ಪೆಗೆ ಹಾಕುವುದು. ಕಳ್ಳನ ಮುಖವನ್ನೂ ಮನೆಯ ಮುಖವನ್ನೂ ಒಟ್ಟಿಗೆ ಉಳಿಸುವ ಪದ್ಧತಿ ಅದು. ಒಳ್ಳೆಯ ಪದ್ಧತಿ ಎಂದೇ ನಾನು ಬೆಳೆದಿದ್ದೆ.

ಈಗ ಮಾಳಿಗೆಯ ಮೇಲಿನಿಂದ ಕಂಡದ್ದು. ಕಾಕಾ ತಂಬಿಗೆ ಹಿಡಿದು, ಹೆಗಲ ಮೇಲೆ ಶಲ್ಲೆ ಹಾಕಿಕೊಂಡು ಹೊಳೆಯ ಕಡೆ ಇಳಿದ. ತಂಬಿಗೆ ಹಿಡಿದು ಬಯಲಿಗೆ ಹೊರಟವನ ಕಡೆ ಯಾರೂ ನೋಡಬಾರದು. ನಾನೂ ಮುಖ ತಿರುಗಿಸಿದೆ. ಮಣ್ಣು ನಾಲ್ಕು ಸಲ ತುಳಿದು ಮತ್ತೆ ಆ ಕಡೆ ತಿರುಗಿದಾಗ ಅವನು ಗಾಡಿಯವನ ಗುಡಿಸಲ ಹಿಂದಿನ ಕಳ್ಳಿ ಬೇಲಿಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. ಧೋತರ ಎತ್ತಿರಲಿಲ್ಲ. ತಂಬಿಗೆಯ ನೀರನ್ನು ನೆಲಕ್ಕೆ ಹೊಯ್ದು ಎರಡೂ ಕೈಯಿಂದ ಮಣ್ಣು ನಾದುತ್ತಿದ್ದ. ಬೆನ್ನು ನನ್ನ ಕಡೆಗಿತ್ತು. ಮೊಣಕೈ ಆಡುವುದು ಕಾಣುತ್ತಿತ್ತು, ಬೆರಳು ಕಾಣುತ್ತಿರಲಿಲ್ಲ. ಎದ್ದಾಗ ಎಡಗೈ ಶಲ್ಲೆಯ ಕೆಳಗಿತ್ತು. ನಾನು ಕಂಡದ್ದು ಇಷ್ಟು. ಬೋರಮಾಳ ಕಂಡಿಲ್ಲ.

ಮಧ್ಯಾಹ್ನ ಹನ್ನೆರಡು ಜನ ಸೇರಿದೆವು. ಮನೆಯವರು ಒಂಬತ್ತು, ದುಡಿಯುವವರು ಮೂವರು. ಗಾಡಿಯವನನ್ನು ಬಿಟ್ಟರೆ ಉಳಿದಿಬ್ಬರು ಮೇಲಿನ ಓಣಿಯವರು, ಕೆಂಪು ಮಣ್ಣಿನವರು. ಹೆಂಗಸರು ಇನ್ನೂ ಚೇಷ್ಟೆ ಮಾಡುತ್ತಿದ್ದರು.

"ಯವ್ವಾ, ಇದೇನ ಉಂಡಿನೋ ಕುಂಬಳಕಾಯಿನೋ?" ಎಂದು ತಂಗಿ ಅವ್ವನ ಉಂಡೆ ನೋಡಿ ನಕ್ಕಳು.

"ನಿಂದ ಶೇಂಗಾ ಉಂಡಿ ಆಗೇತಿ. ಅತ್ತಿಮನ್ಯಾಗ ಇಷ್ಟ ಸಣ್ಣವ ಕಟ್ಟಿದಿ ಅಂದ್ರ ನಿಮ್ಮತ್ತಿ ನನ್ನ ಬೈತಾಳ," ಎಂದಳು ಅವ್ವ.

ಗಾಡಿಯವನು ಅಂಗಳದಲ್ಲೇ ನಿಂತಿದ್ದ. ಅಪ್ಪ ಕರೆದ ಮೇಲೆ ತನ್ನ ಉಂಡೆಯನ್ನು ಎರಡೂ ಕೈಯಲ್ಲಿ ಹಿಡಿದು, ಪಡಸಾಲೆಯ ಅಂಚಿನಲ್ಲಿ ತಲೆ ಬಗ್ಗಿಸಿ ಒಳಗೆ ಹೋಗಿ ಇಟ್ಟು ಬಂದ. ಕಾಕಾ ಕೊನೆಯವನಾಗಿ ಹೋದ. ಎಡಗೈ ಶಲ್ಲೆಯ ಕೆಳಗೇ ಇತ್ತು.

ಅಯ್ಯನವರು ಬುಟ್ಟಿಯನ್ನು ಕಂಬಳಿಯ ಮೇಲೆ ಬೋರಲು ಹಾಕಿದರು. ನಾನು ಕಂಬಕ್ಕೆ ಒರಗಿ ನಿಂತಿದ್ದೆ, ಕಂಬಳಿ ನನ್ನ ಕಾಲಿಂದ ಒಂದು ಮಾರು. ಎಣಿಸಿದೆ. ಹನ್ನೆರಡು. ಹತ್ತು ಕೆಂಪು, ಎರಡು ಕರಿ. ಹನ್ನೊಂದು ಕೆಂಪು, ಒಂದು ಕರಿ ಇರಬೇಕಿತ್ತು.

ಅಯ್ಯನವರು ಐದು ಕೆಂಪು ಉಂಡೆ ಒಡೆದರು, ಏನೂ ಇರಲಿಲ್ಲ. ಆರನೆಯದಾಗಿ ಕರಿ ಉಂಡೆ ತೆಗೆದುಕೊಂಡರು. ಅದು ಒಡೆಯಿತು, ಬೋರಮಾಳ ಹೊರಗೆ ಬಿತ್ತು. ಅವ್ವ ಅತ್ತಳು. ಅಯ್ಯನವರು, "ಶಿವಾ, ಮನಿ ಮಾನ ಉಳೀತು," ಎಂದು ನೀರಿನ ಕೊಡಕ್ಕೆ ಕೈ ಹಾಕಿದರು. ಅಲ್ಲಿಗೆ ಮುಗಿಯಬೇಕಿತ್ತು.

"ತಡೀರಿ ಅಯ್ಯನವರ," ಎಂದ ಕಾಕಾ. "ಯಣ್ಣಾ, ಮಣ್ಣಿನ ಬಣ್ಣ ನೋಡು. ಎರಿ ಮಣ್ಣ ಇದು. ಎರಿ ಮಣ್ಣ ಯಾರ ಬಾಗಲದಾಗ ಐತಿ?"

"ಹಂಗ ಕೇಳಬಾರದ್ರಿ," ಎಂದರು ಅಯ್ಯನವರು. ದನಿ ಸಣ್ಣದಿತ್ತು.

"ಕೇಳಬಾರದು ಖರೆ. ಕಣ್ಣ ಮುಚ್ಚಿಕೊಂಡ ಕೂಡಬೇಕೇನ್ರಿ? ಹಾಂವಿಗಿ ಹನ್ನೊಂದು ವರ್ಷ ಹಾಲ ಹಾಕೇವಿ."

ಗಾಡಿಯವನು ಅಂಗಳದಿಂದ ಒಂದೇ ಹೆಜ್ಜೆ ಮೇಲೆ ಇಟ್ಟ. "ನನ್ನ ಉಂಡಿ ಅದಲ್ಲರಿ ಅಪ್ಪಾರ. ನಂದು ಅಲ್ಲೇ ಐತ್ರಿ ನೋಡ್ರಿ, ಆ ಅಂಚಿಗೆ. ಅದರಾಗ ಜೋಳದ ಹೊಟ್ಟ ಕಲಸೇನ್ರಿ. ಅದನ್ನ ಒಡದ ನೋಡ್ರಿ."

ಕಾಕಾ ಕೊಡವನ್ನು ಅಯ್ಯನವರ ಕೈಯಿಂದ ತೆಗೆದುಕೊಂಡ. "ಒಡವಿ ಸಿಕ್ಕ ಮ್ಯಾಲೆ ಮಣ್ಣ ನೋಡೂದಿಲ್ಲ, ರೂಢಿ ಐತಿ," ಎಂದು ಪೂರ್ತಿ ಕೊಡವನ್ನು ಕಂಬಳಿಯ ಮೇಲೆ ಸುರಿದ. ಒಂದು ಉಸಿರಿನ ಹಿಂದೆ ಮಣ್ಣು ನೋಡು ಎಂದವನೇ ಈಗ ನೋಡಬಾರದು ಎಂದ. ಸುರಿದು, ಕಾಲಿನಿಂದ ಕಲಸಿದ.

ನಾನು ಬಾಯಿ ತೆರೆದೆ. "ಅಪ್ಪಾ, ಕರೇ ಉಂಡಿ ಎರಡ ಇದ್ದೂ."

ಅಪ್ಪ ಕೆಸರು ನೋಡಿದ, ತಮ್ಮನನ್ನು ನೋಡಿದ, ತಮ್ಮನ ಎಡಗೈ ಉಗುರಿನೊಳಗಿನ ಕರಿ ಮಣ್ಣು ನೋಡಿದ. ಅದನ್ನು ಅವನು ನೋಡಿದ್ದನ್ನು ನಾನು ನೋಡಿದೆ. ಆಮೇಲೆ, "ಒಂದ," ಎಂದ.

"ಎರಡ ಅಪ್ಪಾ. ನಾ ಎಣಿಸೇನಿ."

"ಒಂದ ಅಂದ್ನಿ. ಕೂಡು."

ನಾನು ಕೂತೆ. ಇಪ್ಪತ್ತಮೂರು ವರ್ಷದ ಗಂಡಸು, ಅಪ್ಪ ಕೂಡು ಎಂದದ್ದಕ್ಕೆ ಕೂತೆ. ನನಗೆ ಕಾಕಾನ ಮೇಲಿರುವ ಸಿಟ್ಟು ಸಣ್ಣದು. ಅವನು ಕದ್ದ, ಸಿಗುವ ಹೆದರಿಕೆಗೆ ಇನ್ನೊಬ್ಬನ ಬಾಗಿಲ ಮಣ್ಣು ಹುಡುಕಿಕೊಂಡು ಹೋದ. ಕಳ್ಳನ ಬುದ್ಧಿ ಅದು. ಅಪ್ಪ ಕಳ್ಳನಲ್ಲ. ಅವನಿಗೆ ಲೆಕ್ಕ ಬರುತ್ತಿತ್ತು. ಎರಡನ್ನು ಒಂದು ಎನ್ನಲು ಅವನು ಬಹಳ ಹೊತ್ತೂ ತೆಗೆದುಕೊಳ್ಳಲಿಲ್ಲ.

ಮರುದಿನ ಸಿಪಾಯಿಗಳು ಬಂದು ಗಾಡಿಯವನನ್ನು ಹಗ್ಗ ಹಾಕಿ ಕರೆದೊಯ್ದರು. ನಾನು ಹಿಂದೆಯೇ ನಡೆದು ಠಾಣೆಗೆ ಹೋದೆ. ಹೋಗುವ ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡೆ. ಫೌಜದಾರ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಪೂರ್ತಿ ಕೇಳಿದ.

"ಸರಾ ಉಂಡ್ಯಾಗ ಇಡೂದು ನೋಡೀರೇನ?"

"ಇಲ್ಲರಿ."

"ಟ್ರಂಕ ಮುರಿಯೂದು?"

"ಇಲ್ಲರಿ. ಮಣ್ಣ ನಾದೂದು ನೋಡೇನ್ರಿ."

"ಮಣ್ಣ ನಾದೂದು ಯಾವ ಕಲಮಿನ್ಯಾಗ ಗುನ್ಹೆ ಐತ್ರಿ ಸಾವಕಾರ? ಕುಂಬಾರರನ್ನೆಲ್ಲ ಹಿಡದ ತರಲೇನ?"

ಸಿಪಾಯಿಗಳು ನಕ್ಕರು. ಗಾಡಿಯವನು ಮೂಲೆಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದ. 'ಸರ ಇಡೂದು ನೋಡೇನ್ರಿ' ಎಂದು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಕಾಣದ್ದನ್ನು ಕಂಡೆ ಎನ್ನಬಾರದೆಂದು ನನ್ನನ್ನು ಬೆಳೆಸಿದ್ದರು. ಬೆಳೆಸಿದವನೇ ಎರಡನ್ನು ಒಂದು ಎಂದಿದ್ದ. ನಾನು ಮಾತ್ರ ಅವನು ಕಲಿಸಿದ ಸತ್ಯವನ್ನು ಜೋಪಾನ ಮಾಡಿ ಮನೆಗೆ ತಂದೆ. ಆ ಸತ್ಯದಿಂದ ಗಾಡಿಯವನಿಗೆ ಒಂದು ಹೊತ್ತಿನ ರೊಟ್ಟಿಯೂ ಆಗಲಿಲ್ಲ.

ಅವನಿಗೆ ಶಿಕ್ಷೆಯಾಯಿತು. ಹೆಂಡತಿ, ಮೂರು ಮಕ್ಕಳೊಂದಿಗೆ ಸೆಟ್ಲಮೆಂಟಿಗೆ ಹಾಕಿದರು. ಮೂರನೆಯ ವರ್ಷ ಅಲ್ಲೇ ಜ್ವರ ಬಂದು ಸತ್ತ. ಸುದ್ದಿ ಬಂದ ದಿನ ಕಾಕಾ ಎರಡು ಹೊತ್ತೂ ಉಂಡ. ಗುಡಿಸಲಿನ ಜಾಗದಲ್ಲಿ ಅಪ್ಪ ಬದನೆ ಹಚ್ಚಿಸಿದ. ಎರೆ ಮಣ್ಣು, ಚಲೋ ಬೆಳೆದವು. ನಾನು ತಿನ್ನಲಿಲ್ಲ, ಅದರಿಂದ ಯಾರಿಗೆ ಏನಾಯಿತು?

ಒಂಬತ್ತು ವರ್ಷದ ಮೇಲೆ, ಬಾಜೂ ಮನೆಯ ಮುದುಕಿ ತೀರಿಕೊಂಡಾಗ ಮಾತಾಡಿಸಲು ಹೋಗಿದ್ದೆ. ಆ ಮುದುಕಿಯ ಸೊಸೆ, ನನಗಿಂತ ಎರಡು ವರ್ಷ ಸಣ್ಣವಳು, ಜನ ಹೋದ ಮೇಲೆ ಬಾಗಿಲ ಮರೆಯಿಂದ ಹೇಳಿದಳು.

"ಅಣ್ಣಾರ, ಆವತ್ತ ನಾನೂ ನಮ್ಮ ಮಾಳಗಿ ಮ್ಯಾಲೆ ಇದ್ನಿರಿ. ಶ್ಯಾವಿಗಿ ಹಾಕಾಕತ್ತಿದ್ನಿ. ನಿಮ್ಮನ್ನ ನೋಡಿ ಕುಂಬಿ ಗ್ವಾಡಿ ಹಿಂದ ಕುಂತ್ನಿ. ನೀವ ಮಾರಿ ಆ ಕಡೆ ಹೊಳ್ಳಿಸಿದಾಗ ನಿಮ್ಮ ಕಾಕಾನ ಮಾರಿ ಊರ ಕಡೆ ಇತ್ತು. ಸರಾ ಕಂಡೇನ್ರಿ. ಬಿಸಲಿಗಿ ಮಿಂಚತು. ಮಣ್ಣಾಗ ಒತ್ತಿದಾ."

"ಆಗ ಯಾಕ ಹೇಳಲಿಲ್ಲವ್ವಾ?" ಎಂದೆ. ದನಿ ಏರಿತ್ತು.

"ತಂಬಿಗಿ ಹಿಡಕೊಂಡ ಹೋದ ಗಂಡಸನ್ನ ನಿಂತ ನೋಡಿದ್ನಿ ಅಂತ ಚಾವಡ್ಯಾಗ ಹೇಳಲೇನ್ರಿ? ನಮ್ಮತ್ತಿ ಆವತ್ತೇ ನನ್ನ ತವರಿಗಿ ಅಟ್ಟತಿದ್ಳು." ಬಾಗಿಲು ಅರ್ಧ ಮುಚ್ಚುತ್ತ ಅಂದಳು: "ಸಿಟ್ಟಾಗಬ್ಯಾಡ್ರಿ. ನೀವ ಗಂಡಸರು, ನೀವ ಹೇಳಿ ಏನ ಬಿಡಿಸಿಕೊಂಡ ಬಂದ್ರಿ?"

ನಾನು ಎದ್ದು ಮನೆಗೆ ಬಂದೆ.

ಅಪ್ಪ ಇಲ್ಲ, ಕಾಕಾ ಇಲ್ಲ, ಅಯ್ಯನವರಿಲ್ಲ. ಮನೆತನದ ಹಿರಿಯರ ಮೇಲೆ ಸತ್ತ ಮೇಲೆ ಹೊಲಸು ಹಾಕುತ್ತಾನೆ ಎಂದು ನಮ್ಮವರು ಅನ್ನುತ್ತಾರೆ. ಅನ್ನಲಿ. ನನ್ನೊಬ್ಬನ ಮಾತನ್ನು ನಂಬುವುದು ಬೇಡ. ಕೌಜಲಗಿಯಲ್ಲಿ ನನ್ನ ತಂಗಿ ಇದ್ದಾಳೆ. ಕಂಬಳಿಯ ಮೇಲೆ ಎರಡು ಕರಿ ಉಂಡೆ ಇದ್ದದ್ದನ್ನು ಅವಳೂ ಕಂಡಿದ್ದಾಳೆ. "ಹಳೇ ಮಾತ ಯಾಕೋ ಅಣ್ಣಾ," ಎನ್ನುತ್ತಾಳೆ, ಇಲ್ಲ ಎನ್ನುವುದಿಲ್ಲ. ಬಾಜೂ ಮನೆಯ ಸೊಸೆ ಈಗ ಮೂಡಲಗಿಯಲ್ಲಿ ಕಿರಿಯ ಮಗನ ಹತ್ತಿರ ಇದ್ದಾಳೆ. ಒಂದು ಕಿವಿ ಮಂದ, ಜೋರಾಗಿ ಕೇಳಬೇಕು. ಹುಕ್ಕೇರಿಯಲ್ಲಿ, ಸಂತೆ ಬಯಲಿನ ಹಿಂದಿನ ಸಾಲಿನಲ್ಲಿ, ಗಾಡಿಯವನ ಹೆಂಡತಿ ಇದ್ದಾಳೆ. ಗಂಡ ತಮ್ಮ ಹೊಸ್ತಿಲ ಮುಂದೆ ಕೂತು ಒಂದೇ ಒಂದು ಉಂಡೆ ಕಟ್ಟಿದ್ದನ್ನು ಅವಳು ಎದುರಿಗೆ ಕೂತು ನೋಡಿದ್ದಾಳೆ. ಈ ಮೂವರೂ ಬದುಕಿದ್ದಾರೆ.