ಮನೆಸಾಲಿನ ದ್ರಾಕ್ಷಿ

ತಮಿಳು ಸೀಮೆಯ ನಮ್ಮ ಕಡೆ ದ್ರಾಕ್ಷಿ ಬೆಳೆಯುವ ಕನ್ನಡದ ಮನೆಗಳಲ್ಲಿ ಒಂದು ರೂಢಿ ಉಂಟು. ಬಾವಿ ಪಕ್ಕದ ಒಂದು ಸಾಲು ಬಳ್ಳಿಗೆ ಯಾರೂ ಮದ್ದು ಹೊಡೆಯುವುದಿಲ್ಲ. ಹುಳ ತಿಂದರೆ ತಿನ್ನಲಿ, ಅದು ಮನೆಸಾಲು. ಮಕ್ಕಳು ತಿನ್ನುವುದು, ನೆಂಟರಿಗೆ ಕೊಡುವುದು ಅದರ ಹಣ್ಣೇ. ಮಿಕ್ಕ ಚಪ್ಪರವೆಲ್ಲ ಲಾರಿಗೆ. ನಾನು ಬೆಳೆದದ್ದು ಹನುಮಂತನಪಟ್ಟಿ ಪಕ್ಕ, ಇಂಥದೇ ಒಂದು ಮನೆಯಲ್ಲಿ. ಇಷ್ಟೆಲ್ಲ ಗೊತ್ತಿದ್ದೂ ನನಗೆ ಹೊಳೆಯಲಿಲ್ಲವಲ್ಲ, ನನ್ನ ಬುದ್ಧಿಗಿಷ್ಟು.

ದಿಂಡಿಗಲ್ ಹತ್ತಿರ ಪಾದ್ರಿಗಳು ನಡೆಸುವ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದುತ್ತಿದ್ದೆ. ಮಾರಾಟದ ದ್ರಾಕ್ಷಿಯಲ್ಲಿ ಮದ್ದು ಎಷ್ಟು ಉಳಿದಿರುತ್ತದೆ ಅನ್ನುವುದು ನನ್ನ ಪ್ರಾಜೆಕ್ಟು. ಮಾರ್ಗದರ್ಶನ ಮಾಡುತ್ತಿದ್ದ ಸಿಸ್ಟರ್, ಚಪ್ಪರದ ನಾಲ್ಕು ಮೂಲೆಯಿಂದಲೂ ನಡುವಿನಿಂದಲೂ ನೀನೇ ಕೊಯ್ದು ತಾ ಎಂದು ಒತ್ತಿ ಒತ್ತಿ ಹೇಳಿದ್ದರು. ಐಸ್ ಪೆಟ್ಟಿಗೆ ಹೊತ್ತು ಅಪ್ಪನ ತೋಟಕ್ಕೂ ಐದು ಮಂದಿ ನೆಂಟರ ತೋಟಕ್ಕೂ ಹೋದೆ. ಹೋದಲ್ಲೆಲ್ಲ ಕಾಫಿ ಕುಡಿಸಿ, ಮೊದಲೇ ಕೊಯ್ದಿಟ್ಟ ಗೊಂಚಲುಗಳನ್ನು ಕೈಗೆ ಕೊಟ್ಟರು. ದೊಡ್ಡ ಮಾವನ ಎದುರು ನಿಂತು, ಇದು ಬೇಡ, ನಾನೇ ಕೊಯ್ದುಕೊಳ್ಳುತ್ತೇನೆ ಅನ್ನಲು ಬಾಯಿ ಬರುತ್ತದೆಯೇ? ಪ್ರೀತಿಯಿಂದ ಕೊಟ್ಟದ್ದನ್ನು ತಳ್ಳಿದ ಹಾಗೆ. ಚೀಲದ ಮೇಲೆ ನಂಬರು ಬರೆದು ತಂದುಬಿಟ್ಟೆ. ಆರೂ ತೋಟದ ಹಣ್ಣು ಶುದ್ಧ ಎಂದು ಫಲಿತಾಂಶ ಬಂತು. ಸಿಸ್ಟರ್‌ಗಿಂತ ನಾನೇ ಹೆಚ್ಚು ಬೀಗಿದೆ.

ಸಂಶೋಧನಾ ದಿನಕ್ಕೆ ಅಪ್ಪ ಗಂಜಿ ಹಾಕಿದ ಪಂಚೆ ಉಟ್ಟು ಬಂದರು. ಪ್ರಾರ್ಥನೆ ಆದಮೇಲೆ ಸಭಾಂಗಣದಲ್ಲಿ ಎಲ್ಲರೂ ನಮ್ಮ ನಮ್ಮ ಪೋಸ್ಟರ್ ಪಕ್ಕ ನಿಂತೆವು. ಅಪ್ಪ ತಮ್ಮ ತೋಟದ ಫೋಟೋ ನೋಡಿ ಹಿಗ್ಗಿಹೋದರು.

“ಆರು ಮನೆಯೋರೂ ಮನೆಸಾಲಿಂದ್ಲೇ ಕೊಟ್ಟೆವು ಮಗಾ,” ಅಂದರು. “ಕಾಲೇಜಿಗೆ ಹೋಗೋ ಹಣ್ಣು. ಲಾರಿ ಹಣ್ಣು ಕೊಡಾಕಾಯ್ತದಾ?”

ಅಪ್ಪ ಏನಂದರು ಎಂದು ಸಿಸ್ಟರ್ ಕೇಳಿದರು. ಅವರಿಗೆ ನಮ್ಮ ಮಾತು ಬಾರದು. ತೋಟದ ಫೋಟೋ ಚೆನ್ನಾಗಿದೆಯಂತೆ ಎಂದು ತಮಿಳಿನಲ್ಲಿ ಹೇಳಿದೆ. ಅಷ್ಟರಲ್ಲಿ ಮೈಕಿನಲ್ಲಿ ನನ್ನ ಹೆಸರು ಕರೆದರು. ಮಾರಾಟದ ದ್ರಾಕ್ಷಿಯಲ್ಲಿ ಮದ್ದು ಉಳಿಯುವುದಿಲ್ಲ ಎಂದು ತೋರಿಸಿದ್ದಕ್ಕೆ ಮೊದಲ ಬಹುಮಾನ.

ನಾಚಿಕೆ ಆಗಬೇಕಿತ್ತು, ಭಯ ಆಗಬೇಕಿತ್ತು. ಒಂದೂ ಆಗಲಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಹಾಕಿದ ದವಡೆಯ ಹಾಗೆ ಮೈಯೆಲ್ಲ ಜೋಮು ಹಿಡಿದಿತ್ತು. ಫಾದರ್ ಕೈ ಕುಲುಕಿದರು, ನಕ್ಕೆ. ಫೋಟೋ ತೆಗೆದರು, ಅದಕ್ಕೂ ನಕ್ಕೆ. ಆಮೇಲೆ ಎಷ್ಟೋ ವಾರ ಹಾಗೇ ಹೋಯಿತು. ತರಗತಿಗೆ ಹೋದೆ, ಮೆಸ್ಸಿನಲ್ಲಿ ಉಂಡೆ, ಕ್ರಿಸ್ಮಸ್ ಕಾರ್ಯಕ್ರಮದಲ್ಲಿ ಕುರ್ಚಿ ಜೋಡಿಸಿದೆ. ನಾಳೆ ಸಿಸ್ಟರ್‌ಗೆ ಹೇಳೋಣ ಎಂದುಕೊಳ್ಳುತ್ತಿದ್ದೆ. ಆ ನಾಳೆ ಬರಲೇ ಇಲ್ಲ. ಹಾಳಾದ ಬಹುಮಾನ, ಅದನ್ನು ಪೆಟ್ಟಿಗೆಯ ತಳಕ್ಕೆ ಹಾಕಿದ್ದೆ.

ಪೊಂಗಲ್ ರಜೆಗೆ ಊರಿಗೆ ಹೋದಾಗ ಅಕ್ಕನ ಮಗಳು ಜಗಲಿಯಲ್ಲಿ ಕೂತು ದ್ರಾಕ್ಷಿ ತಿನ್ನುತ್ತಿದ್ದಳು. ಮೂರು ವರ್ಷದ ಕೂಸು, ಗಲ್ಲವೆಲ್ಲ ಕೆನ್ನೀಲಿ. ಈ ಸಲ ಮನೆಸಾಲಿನಲ್ಲಿ ಹುಳವೇ ಇಲ್ಲವಲ್ಲ ಎಂದೆ.

“ಅದಕ್ಕೂ ಮದ್ದು ಹೊಡೆದುಬಿಟ್ಟೆ,” ಅಂದರು ಅಪ್ಪ. “ಹಣ್ಣಲ್ಲಿ ಮದ್ದು ನಿಲ್ಲಾಕಿಲ್ಲ ಅಂತ ನೀನೇ ಕಂಡುಹಿಡಿದ್ಯಲ್ಲ, ಮೈಕಲ್ಲೂ ಅಂದ್ರಲ್ಲ.”

ಕೂಸಿನ ಕೈಯಿಂದ ಗೊಂಚಲು ಕಿತ್ತುಕೊಂಡೆ. ಅದು ಹೋ ಎಂದು ಅತ್ತಿತು. ನಿಂತಲ್ಲೇ ಎಲ್ಲ ಹೇಳಿದೆ: ನಾನು ಪರೀಕ್ಷೆ ಮಾಡಿದ್ದು ಮದ್ದೇ ಕಾಣದ ಹಣ್ಣು, ಲಾರಿ ಹಣ್ಣಿನ ಬಗ್ಗೆ ನನಗೇನೂ ಗೊತ್ತಿಲ್ಲ, ಗೊತ್ತಾದ ಮೇಲೂ ಬಾಯಿ ಮುಚ್ಚಿಕೊಂಡಿದ್ದೆ. ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಕ್ಕ ಕೂಸನ್ನು ಎತ್ತಿಕೊಂಡು ಬಾಯಿ ತೊಳೆಸಲು ಓಡಿದಳು. ಅಪ್ಪ ಫೋನ್ ತೆಗೆದು ನೆಂಟರಿಗೆ ಒಬ್ಬೊಬ್ಬರಿಗೇ ಹೇಳಿದರು. ಎಲ್ಲರೂ ಆಗಲೇ ಮನೆಸಾಲಿಗೆ ಹೊಡೆದಾಗಿತ್ತು. ನನ್ನ ಮಾತು ನಂಬಿಯೇ ಹೊಡೆದಿದ್ದರು.

ಕೊನೆಗೆ ದೊಡ್ಡ ಮಾವ. ಅವರು ಅಪ್ಪನ ಮಾತು ಕೇಳಲಿಲ್ಲ, ಫೋನ್ ನನ್ನ ಕೈಗೆ ಬಂತು.

“ಬಹುಮಾನ ಕೊಟ್ಟೋರು ಅಷ್ಟು ಓದಿದ ಫಾದರು,” ಅಂದರು ಮಾವ. “ಅವರಿಗಿಂತ ನಿನಗೆ ಜಾಸ್ತಿ ಗೊತ್ತಾ ಮಗಾ?”

ಆಣೆ ಇಟ್ಟು ಹೇಳಿದೆ. ಮಾವ ನಕ್ಕು, ಆ ಕಡೆ ಯಾರಿಗೋ, ಮಕ್ಕಳಿಗೆ ಇನ್ನೊಂದು ಗೊಂಚಲು ಕೊಡು ಅಂದದ್ದು ನನಗೆ ಕೇಳಿಸಿತು.